ಸಂಶೋಧನಾ ತಂಡಕ್ಕೆ ರೋಗಿಯಾಗಿ ಸೇರಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ವಾರಕ್ಕೆ 3 ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತೇನೆ. ಕಿಡ್ನಿ ಕಾಯಿಲೆ ಮೇಲೆ ಸಂಶೋಧನೆ ಮಾಡುವ ತಂಡವೊಂದು ಸಲಹೆಗಾರನಾಗಿ ಬನ್ನಿ ಅಂತ ಕರೆದಿದೆ. ಔಷಧ ಪ್ರಯೋಗಕ್ಕಲ್ಲ, ಏನು ಅಳೆಯಬೇಕು ಅಂತ ಹೇಳೋಕೆ. ಒಪ್ಪಿಕೊಳ್ಳಲಾ?

ಸಂಧಿವಾತದವಳು: ನಾನು ಒಪ್ಪಿಕೊಂಡಿದ್ದೆ. 14 ತಿಂಗಳು, 9 ಸಭೆ. 4 ಸಭೆಗೆ ಕೆಲಸಕ್ಕೆ ರಜೆ ಹಾಕಿದೆ. 2 ಸಲ ಅಲ್ಲಿಗೆ ಹೋದ ಮೇಲೆ ಇವತ್ತು ಸಭೆ ಇಲ್ಲ ಅಂದರು. ನನ್ನನ್ನು ಕರೆಯುವ ಹೊತ್ತಿಗೆ ಪ್ರೋಟೋಕಾಲ್ (ಅಧ್ಯಯನ ಹೇಗೆ ಮಾಡಬೇಕು ಅನ್ನೋ ಯೋಜನೆ) ಬರೆದು ಮುಗಿದು, ಅಧ್ಯಯನದಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಸಿಕ್ಕಿತ್ತು! ಅಧ್ಯಯನಕ್ಕೆ ಸೇರುವ ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರದ ಭಾಷೆ ತಿದ್ದಿಕೊಡಿ ಅಂದರು. 11 ಪುಟ. ಬೆರಳು ಊದಿ ಮಡಚೋಕೇ ಆಗುತ್ತಿರಲಿಲ್ಲ. ಪೆನ್ನಿಗೆ ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಗೀಟು ಹಾಕಿದೆ. ಕೊನೆಗೆ ಬದಲಾಗಿದ್ದು 3 ಪದ. ಸುಸ್ತಿನ ಬಗ್ಗೆಯೂ ಕೇಳಿ ಅಂತ ಪ್ರತಿ ಸಭೆಯಲ್ಲೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಧಿವಾತದ ಅಧ್ಯಯನಗಳಲ್ಲಿ ಏನು ಅಳೆಯಬೇಕು ಅಂತ ಚರ್ಚಿಸುವ ಓಮೆರಾಕ್ಟ್ ಅನ್ನೋ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 2002ರಲ್ಲಿ ಬಂದ ರೋಗಿಗಳು ಇದನ್ನೇ ಹೇಳಿದ್ದರು. ಆಮೇಲೆ ಸಂಧಿವಾತದ ಅಧ್ಯಯನಗಳಲ್ಲಿ ಸುಸ್ತನ್ನೂ ಅಳೆಯಬೇಕು ಅಂತಾಯಿತು.

ಫಿಟ್ಸ್ ಬರುವ ಮಗುವಿನ ಅಮ್ಮ: ನನ್ನನ್ನು ಮೊದಲ ದಿನದಿಂದಲೇ ಕೂರಿಸಿಕೊಂಡರು. ಫಿಟ್ಸ್ ಬಂದ 5 ನಿಮಿಷದೊಳಗೆ ಡೈರಿ ತುಂಬಬೇಕು ಅಂತ ಬರೆದಿದ್ದರು. ಮಗುವನ್ನು ಪಕ್ಕಕ್ಕೆ ಮಲಗಿಸಲಾ, ಪೆನ್ ಹುಡುಕಲಾ ಅಂತ ಕೇಳಿದೆ. ರೂಮಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಒಂದೇ ಸಲ ತುಂಬಿದರೆ ಸಾಕು ಅಂತ ಬದಲಾಯಿತು. ಆ ಒಂದು ಸಾಲು ನನ್ನದು, ಹೆಮ್ಮೆಯಿದೆ. ಸುಮ್ನೆ ಹೆದರಿಸಬೇಡಿ.

ಸಂಧಿವಾತದವಳು: ಹೆದರಿಸುತ್ತಿಲ್ಲ. ನನಗೆ ಆಗಿದ್ದನ್ನು ಹೇಳಿದೆ, ಅಷ್ಟೇ.

ಸಂಶೋಧಕ: ನಮ್ಮ ಕಷ್ಟವನ್ನೂ ಕೇಳಿ. ರೋಗಿಗಳು ಹೇಳಿದರು ಅಂತ ಒಂದು ಪ್ರಶ್ನೆ ಸೇರಿಸಿದೆವು. ಎಥಿಕ್ಸ್ ಕಮಿಟಿಗೆ ಮತ್ತೆ ಹೋಗಿ 5 ತಿಂಗಳು ಕಾದೆವು. ಅಷ್ಟರಲ್ಲಿ ಇಬ್ಬರು ಕೆಲಸ ಬಿಟ್ಟರು. ಅಲ್ಲದೆ ಸಭೆಗೆ ಬರುವವರು ಓದಿದವರು, ಬಿಡುವಿರುವವರು. ಅವರೇ ಇಡೀ ಸಮುದಾಯ ಹೇಗಾಗುತ್ತಾರೆ?

ಫಿಟ್ಸ್ ಬರುವ ಮಗುವಿನ ಅಮ್ಮ: ಬಿಡುವಾ? ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಸಭೆಯಲ್ಲಿ ಕೂತಿದ್ದೇನೆ ಸರ್. ಮೊದಲೇ ಕೇಳಿದ್ದರೆ ಆ 5 ತಿಂಗಳು ಉಳಿಯುತ್ತಿತ್ತು ಅಲ್ವಾ?

ಸಂಧಿವಾತದವಳು: ಬಿಡುವಿಲ್ಲದವರು ಬರಬೇಕು ಅಂದರೆ ದಿನದ ಕೂಲಿ ಕೊಡಿ. ಆ ರೂಮಲ್ಲಿ ಸಂಬಳ ಇಲ್ಲದೆ ಕೂತವಳು ನಾನೊಬ್ಬಳೇ.

ಸಂಶೋಧಕ: ದುಡ್ಡು ಕೊಟ್ಟರೆ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ ಅನ್ನೋ ಭಯ ನಮಗೆ.

ಸಂಧಿವಾತದವಳು: ನಿಮಗೂ ಸಂಬಳ ಬರುತ್ತೆ. ನೀವು ಎಲ್ಲದಕ್ಕೂ ತಲೆಯಾಡಿಸುತ್ತೀರಾ?