ಎರಡು ಅಡಿ ಟ್ಯಾಂಕಿಗೆ ಯಾವ ಸಿಕ್ಲಿಡ್? ಇವತ್ತು ಕೇಳಿ

ಮೀನು ಡಾಕ್ಟರ್: ಸಿಕ್ಲಿಡ್ ಅಂದರೆ ಆಸ್ಕರ್, ಏಂಜೆಲ್ ಎಲ್ಲ ಸೇರಿದ ಮೀನಿನ ಕುಟುಂಬ. ಟ್ಯಾಂಕಿನ ಅಳತೆ ಹೇಳಿ. ನೀರು ಬೋರ್‌ವೆಲ್‌ದೋ ಕಾವೇರಿಯದೋ ಹೇಳಿ. ಬಣ್ಣದ ಮಾತು ಆಮೇಲೆ.

ಮೈಸೂರು ಮೀನು: ನಮಸ್ತೆ ಮೇಡಂ. ಎರಡು ಅಡಿಗೆ ಜೋಡಿ ಆಸ್ಕರ್ ಹಾಕಬಹುದಾ? ಈಗ ಎರಡೇ ಇಂಚು ಇವೆ.

ಮೀನು ಡಾಕ್ಟರ್: ಬೇಡ. ಬೆಳೆದರೆ ಒಂದೊಂದೂ ಒಂದಡಿ. ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ ಇರುತ್ತದೆ, ತಿರುಗುವುದು ಎಲ್ಲಿ? ಹಸಿರು ಗಿಡ, ಒಂದು ಮಡಕೆ ಚೂರು ಇಟ್ಟು ಕ್ರಿಬೆನ್ಸಿಸ್ ಎಂಬ ಸಣ್ಣ ಸಿಕ್ಲಿಡ್ ಜೋಡಿ ಸಾಕಿ. ಗಂಡು ನಾಲ್ಕು ಇಂಚು ದಾಟುವುದು ಕಡಿಮೆ.

ಕೋಲಾರದವ: ನನ್ನದು 2×1×1 ಅಡಿ. ಬೋರ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 900. ಜರ್ಮನ್ ಬ್ಲೂ ರಾಮ್ ಮೂರು ಸಲ ತಂದೆ, ಮೂರು ಸಲವೂ ಸತ್ತವು. ಆರ್‌ಒ ಹಾಕಿಸಲಾ?

ಮೀನು ಡಾಕ್ಟರ್: ಹಾಕಿಸಬೇಡಿ, ನಿಮ್ಮ ನೀರಿಗೆ ಒಗ್ಗುವ ಮೀನು ತನ್ನಿ. ರಾಮ್ ದಕ್ಷಿಣ ಅಮೆರಿಕದ ಒರಿನೊಕೊ ನದಿ ಕಡೆಯದು. ಮೆತ್ತನೆಯ, ಬೆಚ್ಚಗಿನ ನೀರು ಕೇಳುತ್ತದೆ. ಗಡಸು ನೀರಿನಲ್ಲಿ ಕಷ್ಟ. ಆದರೆ ಆಫ್ರಿಕಾದ ಟಾಂಗನಿಕಾ ಸರೋವರದ ನೀರು ಗಡಸು, ಪಿಎಚ್ 8ರ ಮೇಲೆ. ಅಲ್ಲಿ ಖಾಲಿ ಬಸವನಹುಳು ಚಿಪ್ಪಿನೊಳಗೇ ಸಂಸಾರ ಮಾಡುವ ಪುಟ್ಟ ಸಿಕ್ಲಿಡ್ ಇದೆ. ಅಂಗಡಿಯವರು ಮಲ್ಟಿ ಅಂತಾರೆ. ಗಂಡು ಎರಡು ಇಂಚಿನ ಒಳಗೇ, ಹೆಣ್ಣು ಇನ್ನೂ ಸಣ್ಣದು. ನಿಮ್ಮ ಟ್ಯಾಂಕಿಗೆ ಆರು ಸಾಕು. ಎರಡು ಇಂಚು ನುಣ್ಣನೆ ಮರಳು ಹಾಸಿ, ಅವು ಅಗೆದು ಅಗೆದು ಚಿಪ್ಪು ಹೂತುಕೊಳ್ಳುತ್ತವೆ. ಮೊಟ್ಟೆಯೂ ಚಿಪ್ಪಿನೊಳಗೇ. ಗದ್ದೆಯ ಬಸವನಹುಳುವಿನ ಖಾಲಿ ಚಿಪ್ಪು ಕುದಿಸಿ ಹಾಕಿದರೆ ನಡೆಯುತ್ತದೆ. ಮೀನಿಗೆ ಎರಡೆರಡು ಚಿಪ್ಪಾದರೂ ಇರಲಿ. ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ, ಮೊದಲು ಪಿಎಚ್, ಗಡಸುತನ ಎರಡೂ ನೋಡಿ ನನಗೆ ಹೇಳಿ. ಇದು ನನಗೂ ಆಸೆಯ ಟ್ಯಾಂಕ್.

ಮಂಗಳೂರು ಹುಡುಗ: ನಮ್ಮ ನೇತ್ರಾವತಿ ಕಡೆಯ ಸಿಕ್ಲಿಡ್ ಕೆನರಾ ಪರ್ಲ್‌ಸ್ಪಾಟ್ ಇರುವಾಗ ಆಫ್ರಿಕಾದ್ದು ಯಾಕೆ?

ಕೆರೆ ಪ್ರೇಮಿ: ಅದು ಈ ಕಡೆಯ ಕೆಲವು ಹೊಳೆ ಬಿಟ್ಟು ಬೇರೆ ಎಲ್ಲೂ ಇಲ್ಲ ಮಾರಾಯ್ರೇ, ಅದಕ್ಕೇ ಹೊಳೆಯಿಂದ ಹಿಡಿದು ತರಬಾರದು.

ಮಂಗಳೂರು ಹುಡುಗ: ನಾನು ಹಿಡಿ ಅಂದೆನಾ? ಸಾಕಿದ ಕಿತ್ತಳೆ ಕ್ರೋಮೈಡ್ ತನ್ನಿ ಅಂತ ಹೇಳುವವನಿದ್ದೆ. ಅದೂ ನಮ್ಮದೇ.

ಕೆರೆ ಪ್ರೇಮಿ: ಹೇಳುವವನಿದ್ದೆ! ಬರೆದದ್ದು ಓದಿ ನೋಡಿ.

ಹಾಸನದವಳು: ಮೇಡಂ ಅರ್ಜೆಂಟ್. ಹೊಸ ಟ್ಯಾಂಕ್, ಐದನೇ ದಿನ. ನಾಲ್ಕು ಫ್ಲವರ್‌ಹಾರ್ನ್ ಮರಿ ಮೇಲೆ ಬಂದು ಉಸಿರಿಗೆ ಬಾಯಿ ಬಿಡುತ್ತಿವೆ. ಗ್ರೂಪಿನಲ್ಲಿ ಬಂದ ಹಾಗೆ ಅರಿಶಿನ, ಕಲ್ಲುಪ್ಪು, ಟೆಟ್ರಾಸೈಕ್ಲಿನ್ ಹಾಕಿದೆ.

ಮೀನು ಡಾಕ್ಟರ್: ಇದು ರೋಗ ಅಲ್ಲ ಅನ್ನಿಸುತ್ತದೆ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ. ಹೊಸ ಫಿಲ್ಟರ್‌ನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿಲ್ಲ, ನಾಲ್ಕೈದು ವಾರ ಬೇಕು. ಬೆಳೆಯುವ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್ ಕೊಲ್ಲಬಹುದು. ಈಗಲೇ ಅರ್ಧ ನೀರು ತೆಗೆಯಿರಿ. ಹೊಸ ನೀರು ಅದೇ ಬಿಸಿಯದಿರಲಿ, ಕ್ಲೋರಿನ್ ತೆಗೆಯುವ ಹನಿ ಹಾಕಿ. ಏರ್ ಪಂಪ್ ಜೋರು ಮಾಡಿ. ಎರಡು ದಿನ ಊಟ ಇಲ್ಲ. ಫಾರ್ವರ್ಡ್ ನೋಡಿ ಅಡಿಗೆಮನೆ ಡಬ್ಬ ಟ್ಯಾಂಕಿಗೆ ಸುರಿಯಬೇಡಿ. ಅರಿಶಿನ ಸಾರಿಗೆ.

ವಾಸ್ತು ಮನೆ: ಹಾಗನ್ನಬೇಡಿ, ನಮ್ಮ ಫ್ಲವರ್‌ಹಾರ್ನ್‌ಗೆ ಅರಿಶಿನದಲ್ಲೇ ಗಾಯ ಮಾಸಿತು. ಹಿರಿಯರ ಮದ್ದು.

ಮೀನು ಡಾಕ್ಟರ್: ನೀರು ಬದಲಿಸಿದ್ದಿರಾ ಆಗ?

ವಾಸ್ತು ಮನೆ: ಬದಲಿಸಿದ್ದೆವು.

ಮೀನು ಡಾಕ್ಟರ್: ಅಷ್ಟೇ.

ಕೆರೆ ಪ್ರೇಮಿ: ಫ್ಲವರ್‌ಹಾರ್ನ್ ಮಿಶ್ರತಳಿ ಸ್ವಾಮಿ, 1990ರ ದಶಕದಲ್ಲಿ ಮಲೇಷ್ಯಾ ಕಡೆ ಬಂದದ್ದು. ಅದಕ್ಕೆ ಯಾವ ಹಿರಿಯರ ಮದ್ದು?

ವಾಸ್ತು ಮನೆ: ನಿಮ್ಮನ್ನು ಯಾರು ಕೇಳಿದ್ದು?

ಹುಬ್ಬಳ್ಳಿ: ಏಂಜೆಲ್‌ಗೆ ಒಂದೂವರೆ ಅಡಿ ಎತ್ತರ ಸಾಕಾ?

ತುಮಕೂರು: ಎರಡು ಅಡಿಗೆ ಒಂದೇ ಒಂದು ಆಸ್ಕರ್?

ಮೀನು ಡಾಕ್ಟರ್: ಮೇಲೆ ಓದಿ.

ತುಮಕೂರು: ಸುಮ್ನೆ ಕೇಳಿದೆ, ಸಿಟ್ಟು ಯಾಕೆ?

ಹಾಸನದವಳು: ಒಂದು ಹೋಯಿತು ಮೇಡಂ. ಮೂರು ಕೆಳಗೆ ಇಳಿದಿವೆ.

ಮೀನು ಡಾಕ್ಟರ್: ನಾಳೆ ಮತ್ತೆ ಕಾಲು ಭಾಗ ಬದಲಿಸಿ. ಉಳಿದವನ್ನು ಬೇರೆ ಮಾಡಿ. ಆ ಟ್ಯಾಂಕಿಗೆ ಒಂದೂ ಜಾಸ್ತಿ.

ಕೋಲಾರದವ: ಪಿಎಚ್ 8.2, ಗಡಸು ಚೆನ್ನಾಗೇ ಇದೆ. ಮಾವನ ಊರಿನ ಗದ್ದೆಯಿಂದ ಹದಿನಾಲ್ಕು ಚಿಪ್ಪು ಸಿಕ್ಕಿವೆ. ಕುದಿಸೋಕೆ ಅತ್ತೆ ಪಾತ್ರೆ ಕೊಡುತ್ತಿಲ್ಲ.

ಮೀನು ಡಾಕ್ಟರ್: ಹಳೆಯ ಪೇಂಟ್ ಡಬ್ಬದಲ್ಲಿ ಕುದಿಸಬೇಡಿ ಮತ್ತೆ. ಸ್ಟೀಲ್ ಪಾತ್ರೆ ಒಂದು ಕೊಂಡುಕೊಳ್ಳಿ.