ಡಿಆಕ್ಟಿವೇಟ್ ಆದ ಲೀ-ಎನ್‌ಫೀಲ್ಡ್: ಕೋಲ್ಡ್ ಬ್ಲೂ ಹಿಡಿಯುತ್ತಿಲ್ಲ, ತಾಮ್ರದ ಬಣ್ಣ ಬರುತ್ತಿದೆ

ತುಕ್ಕುಬೇಟೆ:
ತಲೆ ಕೆಟ್ಟುಹೋಗಿದೆ. ಹಳೇ ಲೀ-ಎನ್‌ಫೀಲ್ಡ್ ರೈಫಲ್‌ಗೆ ಕೋಲ್ಡ್ ಬ್ಲೂ ಹಾಕುತ್ತಿದ್ದೇನೆ, ಅಂದರೆ ಬಿಸಿ ಮಾಡದೆ ದ್ರಾವಣ ಸವರಿ ಕಬ್ಬಿಣವನ್ನು ಕಪ್ಪು ಮಾಡೋದು. ಡಿಆಕ್ಟಿವೇಟ್ ಆದದ್ದು (ಗುಂಡು ಹಾರದ ಹಾಗೆ ಮಾಡಿದ್ದು), ಸರ್ಟಿಫಿಕೇಟ್ ಇದೆ, ಆ ಪ್ರಶ್ನೆ ಯಾರೂ ಎತ್ತಬೇಡಿ. ಮ್ಯಾಗಜಿನ್ ಚೆನ್ನಾಗಿ ಕಪ್ಪಾಯಿತು. ಬ್ಯಾರೆಲ್, ರಿಸೀವರ್ (ಬೋಲ್ಟ್ ಕೂರುವ ಭಾಗ) ಮಾತ್ರ ಜಪ್ಪಯ್ಯ ಅಂದರೂ ಆಗುತ್ತಿಲ್ಲ. ಅಲ್ಲಲ್ಲಿ ಬೂದಿ ಬಣ್ಣ, ನಡುವೆ ತಾಮ್ರದ ಹೊಳಪು. ಒರೆಸಿದರೆ ಇದ್ದ ಕಪ್ಪೂ ಬಟ್ಟೆಗೆ ಬರುತ್ತದೆ. ಹೊಸ ಬಾಟಲಿ ತಂದರೂ ಅದೇ ಕಥೆ. ಏನು ಮಾಡಲಿ?

ಅರಗೆಲಸ:
ಜಿಡ್ಡು. ಬೇರೇನೂ ಅಲ್ಲ. ಅಸಿಟೋನ್ ಹಾಕಿ ಒರೆಸಿ, ಮತ್ತೆ ಮಾಡಿ.

ತುಕ್ಕುಬೇಟೆ:
ಒರೆಸಿದ್ದೇನೆ ಸ್ವಾಮಿ. ಗ್ಲೌಸ್ ಹಾಕಿಕೊಂಡೇ ಮಾಡಿದ್ದು.

ಅರಗೆಲಸ:
ಸ್ಟೀಲ್ ವುಲ್ (ಉಜ್ಜುವ ಉಕ್ಕಿನ ನಾರು) ಬಳಸಿದಿರಾ? 0000 ನಂಬರಿನ ನಯವಾದ ಸ್ಟೀಲ್ ವುಲ್‌ಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನೇ ನೀವು ಲೋಹಕ್ಕೆ ಮೆತ್ತುತ್ತಿದ್ದೀರಿ. ವುಲ್ಲನ್ನೂ ಅಸಿಟೋನ್‌ನಲ್ಲಿ ತೊಳೆಯಬೇಕು.

ಕುದಿನೀರು:
ಕೋಲ್ಡ್ ಬ್ಲೂ ಅನ್ನೋದೇ ಮೋಸ. ಅದು ಸೆಲೆನಿಯಂ ಮತ್ತು ತಾಮ್ರದ ಲವಣಗಳಿಂದ ಕೂರುವ ತೆಳು ಪದರ ಅಷ್ಟೇ. ಕೈ ತಾಗಿ ತಾಗಿ ಸವೆದುಹೋಗುತ್ತದೆ. ರಸ್ಟ್ ಬ್ಲೂ ಮಾಡಿ. ದ್ರಾವಣ ಸವರಿ, ಸಣ್ಣಗೆ ಕೆಂಪು ತುಕ್ಕು ಬರಿಸಿ, ಡಿಸ್ಟಿಲ್ಡ್ ನೀರಲ್ಲಿ ಕುದಿಸಿ. ಕೆಂಪು ಹೋಗಿ ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಮೇಲಿನ ಪುಡಿಯನ್ನು ಮೆತ್ತನೆ ತಂತಿ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಸವರಿ. ಬೇಕಾದಷ್ಟು ಕಪ್ಪು ಬರುವವರೆಗೆ ಇದೇ ಕೆಲಸ.

ಅರಗೆಲಸ:
ಅವರು ಕೇಳಿದ್ದು ಅದನ್ನಲ್ಲ. ಜಿಡ್ಡಿನ ಮೇಲೆ ನಿಮ್ಮ ರಸ್ಟ್ ಬ್ಲೂ ಕೂಡ ನಿಲ್ಲಲ್ಲ.

ಹಳೇಕಬ್ಬಿಣ:
ಯಾವ ಲೀ-ಎನ್‌ಫೀಲ್ಡ್ ಅಂತಲೇ ಯಾರೂ ಕೇಳಲಿಲ್ಲವಲ್ಲ! ನಂ.1 ಮಾಡೆಲ್ಲಾ, ನಂ.4 ಮಾಡೆಲ್ಲಾ? ಮೊದಲು ಮೇಲೆ ಏನಿತ್ತು? ಏನು ಹಾಕಿ ತೆಗೆದಿರಿ? ಸುಮ್ನೆ ಜಿಡ್ಡು ಜಿಡ್ಡು ಅಂತ ಕೂತರೆ ಆಗಲ್ಲ.

ಅರಗೆಲಸ:
ಜಿಡ್ಡೋ ಅಲ್ಲವೋ ನೀರೇ ಹೇಳುತ್ತದೆ. ಸ್ವಚ್ಛ ಲೋಹದ ಮೇಲೆ ನೀರು ಹಾಳೆಯ ಹಾಗೆ ಹರಡುತ್ತದೆ. ಜಿಡ್ಡಿದ್ದರೆ ಮಣಿ ಕಟ್ಟುತ್ತದೆ. ಹಾಕಿ ನೋಡಿ.

ತುಕ್ಕುಬೇಟೆ:
ಹಾಕಿದೆ. ಪೂರ್ತಿ ಹರಡಿತು, ಒಂದು ಮಣಿಯೂ ಇಲ್ಲ. ಅಂದರೆ ಜಿಡ್ಡಲ್ಲ ತಾನೇ?

ಗನ್ನು ನಂ.4. ಎಡಬದಿಯಲ್ಲಿ ಎಫ್‌ಟಿಆರ್ ಅಂತ ಬರೆದಿದೆ. ಮೇಲೆ ದಪ್ಪ ಕಪ್ಪು ಪೇಂಟ್ ಇತ್ತು, ಪೇಂಟ್ ಸ್ಟ್ರಿಪ್ಪರ್ ಹಾಕಿ ತೆಗೆದೆ. ಮ್ಯಾಗಜಿನ್ ಬೇರೆ ಕಡೆಯಿಂದ ತಂದದ್ದು, ಅದರ ಮೇಲೆ ಪೇಂಟ್ ಇರಲಿಲ್ಲ. ಇದೆಲ್ಲ ಮುಖ್ಯಾನಾ?

ಹಳೇಕಬ್ಬಿಣ:
ಮುಖ್ಯಾನಾ ಅಂತೀರಲ್ಲ ಮಾರಾಯರೇ! ಎಫ್‌ಟಿಆರ್ ಅಂದರೆ ಫ್ಯಾಕ್ಟರಿ ಥರೋ ರಿಪೇರ್. ಯುದ್ಧ ಮುಗಿದ ಮೇಲೆ ಕಾರ್ಖಾನೆಗೆ ವಾಪಸ್ ಹೋಗಿ ಪೂರ್ತಿ ರಿಪೇರಿ ಆಗಿ ಬಂದದ್ದು. ಆಗ ಕಬ್ಬಿಣಕ್ಕೆ ತುಕ್ಕು ತಡೆಯುವ ಫಾಸ್ಫೇಟ್ ಪದರ ಕೂರಿಸಿ, ಅದರ ಮೇಲೆ ಸನ್‌ಕೊರೈಟ್ ಅನ್ನೋ ಕಪ್ಪು ಪೇಂಟ್ ಹೊಡೆದು ಬಿಸಿಯಲ್ಲಿ ಗಟ್ಟಿ ಮಾಡುತ್ತಿದ್ದರು. ಸ್ಟ್ರಿಪ್ಪರ್ ಪೇಂಟ್ ತೆಗೆಯಿತು, ಫಾಸ್ಫೇಟ್ ಅಲ್ಲೇ ಉಳಿಯಿತು. ನಿಮ್ಮ ಬೂದಿ ಬಣ್ಣ ಅದೇ. ಅದು ಸ್ಪಂಜಿನಂತೆ ದ್ರವ ಹೀರುತ್ತದೆ, ಹಾಗಾಗಿ ನೀರೂ ಹರಡುತ್ತದೆ. ಆದರೆ ಕೋಲ್ಡ್ ಬ್ಲೂಗೆ ಬರೀ ಕಬ್ಬಿಣ ಸಿಗಬೇಕು. ಪೇಂಟ್ ಉಜ್ಜುವಾಗ ಪದರ ಹರಿದ ಕಡೆ ಮಾತ್ರ ಹಿಡಿದಿದೆ.

ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಮೇಲಿನ ಮರದ ಹೊದಿಕೆ) ಕೆಳಗೆ ಬ್ಯಾರೆಲ್ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿ. ಫಾಸ್ಫೇಟ್ ಇದ್ದರೆ ತೊಟ್ಟು ಒಳಗಿಳಿದು ಆ ಜಾಗ ಕಪ್ಪಗಾಗುತ್ತದೆ, ಒರೆಸಿದರೂ ಬೇಗ ಹೋಗಲ್ಲ.

ಅರಗೆಲಸ:
ಫಾಸ್ಫೇಟ್ ಎಣ್ಣೆ ಹೀರುತ್ತದೆ ಅಂತ ನೀವೇ ಹೇಳಿದಿರಿ. ಅಂದರೆ ಒಳಗೆ ಜಿಡ್ಡಿದೆ. ನಾನು ಹೇಳಿದ್ದೂ ಅದೇ.

ಕುದಿನೀರು:
😂

ಹಿತ್ತಾಳೆಬುಡ:
ನನ್ನದೊಂದು ಮಾತು. ಇಂಥ ಗನ್ನಿಗೆ ಬ್ಲೂ ಮಾಡೋದೇ ತಪ್ಪು. ರಿಪೇರಿ ಆಗಿ ಬಂದ ನಂ.4ಕ್ಕೆ ಪೇಂಟೇ ಸರಿಯಾದ ಫಿನಿಶ್. ಅದನ್ನು ಕಿತ್ತು ಬ್ಲೂ ಮಾಡಿದರೆ ಅಂದ ಬರಬಹುದು, ಇತಿಹಾಸ ಹೋಗುತ್ತದೆ.

ಕುದಿನೀರು:
ಶುರುವಾಯಿತು ಇತಿಹಾಸದ ಪಾಠ. ಗೋಡೆಗೆ ನೇತುಹಾಕೋ ಗನ್ನು ಸಾರ್. ಅವರಿಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಲಿ.

ಹಿತ್ತಾಳೆಬುಡ:
ಹಾಗಾದರೆ ಪ್ಲಾಸ್ಟಿಕ್ ಗನ್ನು ನೇತುಹಾಕಲಿ. ಅಂದ ಹಾಗೆ ಪ್ರೂಫ್ ಹೌಸ್ (ಗನ್ನು ಪರೀಕ್ಷಿಸುವ ಸಂಸ್ಥೆ) ಒತ್ತಿದ ಗುರುತಿನ ಹತ್ತಿರ ಎಮರಿ ಪೇಪರ್ ಬೇಡ. ಬ್ರಿಟನ್‌ನ 1988ರ ಬಂದೂಕು ತಿದ್ದುಪಡಿ ಕಾಯ್ದೆ ಪ್ರಕಾರ ಆ ಗುರುತು ಮತ್ತು ಸರ್ಟಿಫಿಕೇಟ್ ಎರಡೂ ಇದ್ದರೆ ನಿಮ್ಮ ಗನ್ನು ಡಿಆಕ್ಟಿವೇಟ್ ಆದದ್ದು ಅಂತ ಲೆಕ್ಕ. ಗುರುತು ಸವೆದರೆ ತೊಂದರೆ ನಿಮಗೇ. ವೆಲ್ಡ್‌ಗಳನ್ನೂ ಮುಟ್ಟಬೇಡಿ. ಅಲ್ಲಿ ಬಣ್ಣ ಸ್ವಲ್ಪ ಬೇರೆ ಬಂದೇ ಬರುತ್ತದೆ, ತುಂಬಿದ ಲೋಹವೇ ಬೇರೆ.

ತುಕ್ಕುಬೇಟೆ:
ಎಣ್ಣೆ ಬಿಟ್ಟು ನೋಡಿದೆ. ಹೇಳಿದ ಹಾಗೇ ಕಪ್ಪಾಯಿತು. ಈಗ ಫಾಸ್ಫೇಟ್ ತೆಗೆಯೋದು ಹೇಗೆ? ಪೂರ್ತಿ ಹಾಟ್ ಬ್ಲೂ ಬಾತ್‌ಗೆ ಕೊಟ್ಟುಬಿಡಲಾ?

ಹಳೇಕಬ್ಬಿಣ:
ಹಾಟ್ ಬ್ಲೂ ಬೇಡವೇ ಬೇಡ. ಅದು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ನೈಟ್ರೇಟ್ ಬಾತ್, ಸುಮಾರು 140 ಡಿಗ್ರಿ ಸೆಲ್ಸಿಯಸ್. ಡಿಆಕ್ಟಿವೇಟ್ ಆದ ಬ್ಯಾರೆಲ್‌ನಲ್ಲಿ ಪ್ಲಗ್, ಸೀಳು, ವೆಲ್ಡ್ ಸಂದಿ ಎಲ್ಲಾ ಇರುತ್ತವೆ. ಉಪ್ಪು ಅಲ್ಲಿ ಸೇರಿಕೊಂಡರೆ ತೊಳೆದರೂ ಬರಲ್ಲ. ಆಮೇಲೆ ಒಸರಿ ಒಸರಿ ಬಿಳಿ ಪುಡಿ, ಅದರ ಹಿಂದೆ ತುಕ್ಕು. ಬಿಳಿ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಸುತ್ತಿಡಿ, ಆಗಾಗ ಬ್ರಷ್ ಮಾಡಿ. ಸ್ಪ್ರಿಂಗ್‌ಗಳಿಗೆ ಆಸಿಡ್ ತಾಗಿಸಬೇಡಿ, ಮುರಿದುಹೋಗುವ ಹಾಗೆ ಆಗುತ್ತವೆ. ಮುಗಿದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಒಣಗಿಸಿ, ಇಲ್ಲದಿದ್ದರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರವ ಬೇಡ, ಅದು ಮತ್ತೆ ಫಾಸ್ಫೇಟನ್ನೇ ಬಿಟ್ಟುಹೋಗುತ್ತದೆ.

ಕುದಿನೀರು:
ಬರೀ ಕಬ್ಬಿಣ ಸಿಕ್ಕ ಮೇಲೆ ರಸ್ಟ್ ಬ್ಲೂ ಮಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಅದಕ್ಕೆ ನಾನು ನೀರು ಕುದಿಸುವ ಟ್ಯಾಂಕ್ ಸ್ಟೇನ್‌ಲೆಸ್, 40 ಇಂಚು ಉದ್ದ, ಕೆಳಗೆ ಎರಡು ಬರ್ನರ್. ತುಕ್ಕು ಬರಿಸಲು ಬೇರೆ ಪೆಟ್ಟಿಗೆ, ಒಳಗೆ ಬಲ್ಬ್, ಬಿಸಿನೀರಿನ ಪಾತ್ರೆ, ತೇವ ಅಳೆಯುವ ಮೀಟರ್. ನಂ.4ರ ಬ್ಯಾರೆಲ್ಲೇ 25.2 ಇಂಚು, ರಿಸೀವರ್ ಸೇರಿದರೂ ಟ್ಯಾಂಕಿನಲ್ಲಿ ಜಾಗ ಉಳಿಯುತ್ತದೆ. ಮುಚ್ಚಳ ನಾನೇ ಮಡಚಿದ್ದು. ಫೋಟೋ ಹಾಕುತ್ತೇನೆ.

ಅರಗೆಲಸ:
ಟ್ಯಾಂಕಿನ ವೆಲ್ಡ್ ಯಾವ ರಾಡ್‌ನಲ್ಲಿ?

ತುಕ್ಕುಬೇಟೆ:
ಹ್ಯಾಂಡ್‌ಗಾರ್ಡ್ ಕೆಳಗೆ ಕಾಣದ ಜಾಗದಲ್ಲಿ ವಿನೆಗರ್ ಬಟ್ಟೆ ಸುತ್ತಿಟ್ಟೆ. ಬೂದಿ ಪದರ ಕೆಸರಿನ ಹಾಗೆ ಎದ್ದುಬಂತು, ಕೆಳಗೆ ಬೆಳ್ಳಗಿನ ಕಬ್ಬಿಣ. ಅಲ್ಲಿ ಅದೇ ಬಾಟಲಿಯ ಬ್ಲೂ ತಾಗಿದ ಕೂಡಲೇ ಕಪ್ಪಾಯಿತು, ಒರೆಸಿದರೂ ಬರಲಿಲ್ಲ. ಉಳಿದದ್ದನ್ನೆಲ್ಲ ಹೀಗೇ ತೆಗೆಯಲೋ, ಫಾಸ್ಫೇಟ್ ಬಿಟ್ಟು ಮೇಲೆ ಪೇಂಟ್ ಹೊಡೆಯಲೋ ಇನ್ನೂ ತೀರ್ಮಾನ ಆಗಿಲ್ಲ.

ಹಿತ್ತಾಳೆಬುಡ:
ಪೇಂಟ್. ಇದರಲ್ಲಿ ತೀರ್ಮಾನ ಮಾಡೋಕೆ ಏನಿದೆ?

ಕುದಿನೀರು:
ಅರಗೆಲಸ, ಟ್ಯಾಂಕಿನದು ಟಿಗ್ ವೆಲ್ಡ್, 308 ರಾಡ್. ಟ್ಯಾಂಕ್ ಬಗ್ಗೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ.