ಡಾಕ್ಟರನ್ನು ಕೇಳಿ: ಶಾಲೆಯ ಸೇಟನ್ ಕ್ಲಬ್, ಮಗನ ಟೀ ಶರ್ಟ್, ಅತ್ತಿಗೆಯ ನೆನಪು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಶಾಲೆಯೊಂದರಲ್ಲಿ 'ಆಫ್ಟರ್ ಸ್ಕೂಲ್ ಸೇಟನ್ ಕ್ಲಬ್', ಅಂದರೆ ಶಾಲೆ ಬಿಟ್ಟ ಮೇಲಿನ ಸೈತಾನ ಕ್ಲಬ್, ಶುರುವಾಗುತ್ತದೆ ಎಂಬ ಕರಪತ್ರ ಬಂದಾಗಿನಿಂದ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಅಮೆರಿಕದಲ್ಲಿ ಸೈತಾನನ ಹೆಸರಿನಲ್ಲಿ ಎದ್ದ ಗಾಬರಿಗಳ ಬಗ್ಗೆ ತುಂಬಾ ಓದಿಕೊಂಡಿರುವ ನಮ್ಮ ಮನೋವೈದ್ಯೆ ಡಾಕ್ಟರ್ ಮೇಡಂ ಇವತ್ತು ಸಂಜೆ ಇಲ್ಲೇ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಓಹಾಯೋ ಅಮ್ಮ: ನಮಸ್ತೆ ಮೇಡಂ. ನನ್ನ ಮಗಳು ಮೂರನೇ ಕ್ಲಾಸು. ಆ ಕ್ಲಬ್ಬಿನಲ್ಲಿ ಮಕ್ಕಳಿಗೆ ಏನು ಮಾಡಿಸುತ್ತಾರೆ? ಪೂಜೆ ಗೀಜೆ ಏನಾದರೂ ಇರುತ್ತಾ?

ಡಾಕ್ಟರ್: ನಮಸ್ತೆ. ಪೂಜೆ ಇಲ್ಲ. ಒಗಟು, ಸಣ್ಣಪುಟ್ಟ ವಿಜ್ಞಾನ ಪ್ರಯೋಗ, ಕಾಗದದ ಕೆಲಸ, ತಿಂಡಿ. ಇದನ್ನು ನಡೆಸುವುದು 'ಸಟಾನಿಕ್ ಟೆಂಪಲ್' ಎಂಬ ಸಂಸ್ಥೆ. 2013ರಲ್ಲಿ ಶುರುವಾಯಿತು. ಮುಖ್ಯ ಕಚೇರಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿದೆ. 2019ರಲ್ಲಿ ತೆರಿಗೆ ಇಲಾಖೆ ಇದನ್ನು ಚರ್ಚ್ ಎಂದೇ ಒಪ್ಪಿಕೊಂಡಿತು. ಆದರೆ ಇವರು ದೇವರನ್ನೂ ನಂಬುವುದಿಲ್ಲ, ಸೈತಾನನನ್ನೂ ನಂಬುವುದಿಲ್ಲ. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆ ಆಡಿಸದವನ ಗುರುತಾಗಿ ಅವನನ್ನು ಇಟ್ಟುಕೊಂಡಿದ್ದಾರೆ, ಅಷ್ಟೆ. ಶಾಲೆಯಲ್ಲಿ 'ಗುಡ್ ನ್ಯೂಸ್ ಕ್ಲಬ್' ಎಂಬ ಬೈಬಲ್ ಕ್ಲಬ್ ಇದ್ದರೆ ಅದಕ್ಕೆ ಎದುರಾಗಿ ಇದನ್ನು ತೆರೆಯುತ್ತಾರೆ. ಬೇರೆ ಸಂಘಗಳಿಗೆ ಕೊಠಡಿ ಬಿಟ್ಟುಕೊಡುವ ಶಾಲೆ, ಧರ್ಮದ ಕಾರಣ ಹೇಳಿ ಬೈಬಲ್ ಕ್ಲಬ್ಬಿಗೆ ಮಾತ್ರ ಇಲ್ಲ ಎನ್ನುವಂತಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ಬಾಗಿಲಿನಿಂದ ಇವರೂ ಒಳಗೆ ಬಂದರು. ನೀವು ಸಹಿ ಹಾಕದೆ ನಿಮ್ಮ ಮಗಳನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ.

ನಿವೃತ್ತ ಮೇಷ್ಟ್ರು: ಸೈತಾನನ ಬೈಬಲ್ ಅಂತಲೇ ಒಂದಿದೆಯಂತಲ್ಲ ಮೇಡಂ? ಅದನ್ನು ಬರೆದವರೂ ಇವರೇನಾ?

ಡಾಕ್ಟರ್: ಅಲ್ಲ ಸರ್. ಅದನ್ನು ಬರೆದವನು ಆಂಟನ್ ಲಾವೇ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಚರ್ಚ್ ಆಫ್ ಸೇಟನ್' ಶುರು ಮಾಡಿದ. ಪುಸ್ತಕ ಬಂದದ್ದು 1969ರಲ್ಲಿ. ತಲೆ ಬೋಳಿಸಿಕೊಂಡು, ಕಪ್ಪು ನಿಲುವಂಗಿ ಹಾಕಿಕೊಂಡು ಫೋಟೋಗೆ ನಿಲ್ಲುತ್ತಿದ್ದ, ಪತ್ರಿಕೆಯವರಿಗೆ ಹಬ್ಬ. ಅವನೂ ಸೈತಾನ ನಿಜವಾಗಿ ಇದ್ದಾನೆ ಎನ್ನಲಿಲ್ಲ. ನಿನ್ನ ಸುಖ ನೀನು ನೋಡಿಕೋ, ಬಲವಿದ್ದವನೇ ಗೆಲ್ಲಲಿ ಎಂಬ ಧಾಟಿ. ಈಗಿನ ಟೆಂಪಲ್ಲಿನವರು ಕರುಣೆ, ನ್ಯಾಯ ಎನ್ನುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಹಳಬರಿಗೆ ಈ ಹೊಸಬರನ್ನು ಕಂಡರೆ ಆಗುವುದಿಲ್ಲ.

ಕೆಂಪು ದಾಸವಾಳ: ಮೇಡಂ, ಸೇಟನ್ ಕ್ಲಬ್ ಮಕ್ಕಳಿಗೆ ಅಪಾಯವಾ?

ಡಾಕ್ಟರ್: ಮೇಲೆ ಉತ್ತರ ಇದೆ.

ಟೆಕ್ಸಾಸ್ ನಾದಿನಿ: ಮೇಡಂ, ನನ್ನ ಪ್ರಶ್ನೆ ಬೇರೆ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅತ್ತಿಗೆಗೆ ಗರ್ಭಿಣಿ ಆದಾಗಿನಿಂದ ತುಂಬಾ ಆತಂಕ, ಈಗ ಹೆರಿಗೆಯೂ ಆಗಿದೆ. ಯಾರೋ ಹೇಳಿದರು ಅಂತ ಹಿಪ್ನಾಸಿಸ್, ಅಂದರೆ ಸಮ್ಮೋಹನ, ಮಾಡುವವರೊಬ್ಬರ ಹತ್ತಿರ ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ 'ನೆನಪು' ಬರತೊಡಗಿದೆ. ಚಿಕ್ಕವರಿದ್ದಾಗ ಅವರ ದೊಡ್ಡಪ್ಪ ಕಪ್ಪು ಬಟ್ಟೆಯವರ ಜೊತೆ ಸೇರಿ ಬೆಂಕಿಯ ಮುಂದೆ ನಿಲ್ಲಿಸಿದ್ದರಂತೆ, ಒಂದು ಮಗುವನ್ನು ಬಲಿ ಕೊಟ್ಟರಂತೆ. ಮೊದಲು ಒಂದು ದಿನವೂ ಇದನ್ನು ಹೇಳಿದವರಲ್ಲ. ದೊಡ್ಡಪ್ಪ ಊರಿನಲ್ಲಿದ್ದಾರೆ, ವಯಸ್ಸಾಗಿದೆ. ತಾಯಿಯನ್ನೂ ಮನೆಗೆ ಸೇರಿಸಬೇಡ ಎಂದು ಆ ಹಿಪ್ನಾಸಿಸ್‌ನವರೇ ಹೇಳಿದ್ದಾರಂತೆ. ನಾವು ನಂಬಬೇಕಾ, ಬೇಡವಾ?

ಡಾಕ್ಟರ್: ಬೇಜಾರೇನಿಲ್ಲಮ್ಮ. ಇವತ್ತಿನ ಪ್ರಶ್ನೆಗಳಲ್ಲಿ ನಿಜವಾಗಿ ಕೇಳಬೇಕಾದ್ದು ಇದೇ.

ಮೊದಲು ಒಂದು ಮಾತು. ಅತ್ತಿಗೆ ಸುಳ್ಳು ಹೇಳುತ್ತಿಲ್ಲ. ಅವರ ಭಯ ನಿಜ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೂ ನಿಜ, ಅದನ್ನು ಮಾಡುವವರು ಹೆಚ್ಚಾಗಿ ಮನೆಗೆ ಗೊತ್ತಿದ್ದವರೇ. ಹಾಗಾಗಿ 'ದೊಡ್ಡಪ್ಪ ಅಂಥವರಲ್ಲ' ಎಂದು ಅವರ ಬಾಯಿ ಮುಚ್ಚಿಸಬೇಡಿ. ಆದರೆ ಹಿಪ್ನಾಸಿಸ್‌ನಲ್ಲಿ ಮೊದಲ ಸಲ ಎದ್ದು ಬಂದ ನಿಲುವಂಗಿ, ಬೆಂಕಿ, ಶಿಶುಬಲಿ ಎಂದರೆ ನನಗೆ ಎದೆ ಝಲ್ ಎನ್ನುತ್ತದೆ. ಈ ಕಥೆಗೆ ಒಂದು ಊರು ಇದೆ, ಒಂದು ಕಾಲ ಇದೆ.

1980ರಲ್ಲಿ ಕೆನಡಾದ ಒಬ್ಬ ಮನೋವೈದ್ಯ ತನ್ನ ರೋಗಿಯ ಜೊತೆ ಸೇರಿ ಒಂದು ಪುಸ್ತಕ ಬರೆದ. ಚಿಕ್ಕಂದಿನಲ್ಲಿ ಸೈತಾನನ ಪಂಥದವರ ಕೈಗೆ ಸಿಕ್ಕಿದ್ದೆ ಎಂಬ, ಚಿಕಿತ್ಸೆಯಲ್ಲಿ 'ಮರಳಿ ಬಂದ' ನೆನಪುಗಳು. ಸಾಕ್ಷಿ ಏನೂ ಸಿಗಲಿಲ್ಲ. ಆಮೇಲೆ ಅವರಿಬ್ಬರೂ ಮದುವೆಯಾದರು. ಪುಸ್ತಕ ಮಾತ್ರ ಸಿಕ್ಕಾಪಟ್ಟೆ ಓಡಿತು. ಪೊಲೀಸರು, ಸಮಾಜ ಕಾರ್ಯಕರ್ತರು ಅದನ್ನು ಪಾಠದ ಹಾಗೆ ಓದಿದರು. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ ಮಕ್ಕಳ ಮೇಲಿನ ದೌರ್ಜನ್ಯದ ಆರೋಪ ಬಂತು. ಮಕ್ಕಳನ್ನು ಮತ್ತೆ ಮತ್ತೆ ಕೇಳಿದರು, 'ಬೇರೆ ಮಕ್ಕಳು ಹೇಳಿದ್ದಾರೆ, ನೀನೂ ಹೇಳು ಜಾಣ' ಎಂಬಂತೆ. ಕೊನೆಗೆ ನೆಲದಡಿಯ ಸುರಂಗ, ಗಾಳಿಯಲ್ಲಿ ಹಾರುವ ಮಾಟಗಾತಿ ಎಲ್ಲ ಬಂದವು. 1990ರಲ್ಲಿ ಕೇಸು ಮುಗಿದಾಗ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ನಿಮ್ಮ ಟೆಕ್ಸಾಸ್‌ನ ಆಸ್ಟಿನ್‌ನಲ್ಲೇ ಶಿಶುವಿಹಾರ ನಡೆಸುತ್ತಿದ್ದ ಗಂಡ ಹೆಂಡತಿಗೆ 1992ರಲ್ಲಿ 48 ವರ್ಷ ಜೈಲು ಆಯಿತು. ಗಾಯದ ಗುರುತು ಇತ್ತು ಎಂದು ಸಾಕ್ಷಿ ಹೇಳಿದ್ದ ವೈದ್ಯ, ತಾನು ನೋಡಿದ್ದು ಗಾಯವೇ ಅಲ್ಲ ಎಂದು ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡ. 2013ರಲ್ಲಿ ಬಿಟ್ಟರು, 2017ರಲ್ಲಿ ನಿರಪರಾಧಿಗಳು ಎಂದರು, 34 ಲಕ್ಷ ಡಾಲರ್ ಪರಿಹಾರ ಕೊಟ್ಟರು. ಹೋದ ಆಯುಷ್ಯ ಹೋಯಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೇಸು. 1988, ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ. ಶೆರೀಫ್ ಕಚೇರಿಯ ಒಬ್ಬ ಪೊಲೀಸ್ ಅಧಿಕಾರಿಯ ಮೇಲೆ ಅವನ ಹೆಣ್ಣುಮಕ್ಕಳೇ ಲೈಂಗಿಕ ದೌರ್ಜನ್ಯದ ದೂರು ಕೊಟ್ಟರು. ಅವನಿಗೆ ಏನೂ ನೆನಪಿರಲಿಲ್ಲ. 'ಪ್ರಾರ್ಥನೆ ಮಾಡು, ನೆನಪು ಬರುತ್ತದೆ' ಎಂದರು. ಬಂತು. ದಿನಾ ಹೊಸದು, ಸೈತಾನನ ಕೂಟದ ತನಕ. ಆಗ ರಿಚರ್ಡ್ ಆಫ್ಷೆ ಎಂಬ ಸಮಾಜಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿದರು. ಯಾರೂ ದೂರು ಕೊಡದ ಒಂದು ಘಟನೆಯನ್ನು ತಾವೇ ಕಟ್ಟಿ ಅವನಿಗೆ ಹೇಳಿದರು. ಅವನು ಹೋಗಿ ಪ್ರಾರ್ಥನೆ ಮಾಡಿ, ಅದನ್ನೂ ಪುಟಗಟ್ಟಲೆ ಬರೆದು ತಂದ, ಯಾರು ಏನು ಮಾತಾಡಿದರು ಎಂಬುದೂ ಸೇರಿ. ಆದರೆ ಅಷ್ಟರಲ್ಲಿ ತಪ್ಪೊಪ್ಪಿಗೆ ಕೊಟ್ಟಾಗಿತ್ತು. 20 ವರ್ಷದ ಶಿಕ್ಷೆಯಾಗಿ 2003ರಲ್ಲಿ ಹೊರಬಂದ.

ನೆನಪು ಬೀರುವಿನಲ್ಲಿ ಮಡಚಿಟ್ಟ ಸೀರೆಯಲ್ಲ, ಹೊರಗೆ ತೆಗೆದಾಗಲೆಲ್ಲ ಒಂದಿಷ್ಟು ಹೊಸದಾಗಿ ನೇಯುತ್ತೇವೆ. ಹಿಪ್ನಾಸಿಸ್ ಆ ಹೊಸ ನೇಯ್ಗೆಯನ್ನು ಜಾಸ್ತಿ ಮಾಡುತ್ತದೆ, ಮೇಲಿಂದ ಅದೇ ಸತ್ಯ ಎಂಬ ಧೈರ್ಯವನ್ನೂ ಕೊಡುತ್ತದೆ. ಎಫ್‌ಬಿಐನ ಕೆನೆತ್ ಲ್ಯಾನಿಂಗ್ ಇಂಥ ದೂರುಗಳನ್ನು ವರ್ಷಗಟ್ಟಲೆ ನೋಡಿ 1992ರಲ್ಲಿ ವರದಿ ಬರೆದರು. ಮಕ್ಕಳನ್ನು ಬಲಿ ಕೊಡುವ ದೊಡ್ಡ ಗುಪ್ತ ಜಾಲಕ್ಕೆ ಪುರಾವೆ ಇಲ್ಲ ಎಂದರು. 1994ರಲ್ಲಿ ಇಂಗ್ಲೆಂಡಿನಲ್ಲಿ ಜೀನ್ ಲಾ ಫಾಂಟೇನ್ ಎಂಬ ಮಾನವಶಾಸ್ತ್ರಜ್ಞೆ 84 ಕೇಸು ನೋಡಿದರು. ಸೈತಾನನ ಆರಾಧನೆ ಒಂದರಲ್ಲೂ ಸಿಗಲಿಲ್ಲ.

ಈಗ ನಾನು ಕೇಳುತ್ತೇನೆ. ಮಗುವಿಗೆ ಎಷ್ಟು ದಿನ? ಅತ್ತಿಗೆ ನಿದ್ದೆ ಮಾಡುತ್ತಾರಾ? ಮಗುವಿನ ಬಗ್ಗೆ ಏನಾದರೂ ವಿಚಿತ್ರ ಮಾತು ಆಡಿದ್ದಾರಾ? ಬೇಗ ಹೇಳಿ.

ಗಿಟಾರ್ ಹುಡುಗ: ವಾವ್ ಮೇಡಂ. ಅಂದರೆ ಆ ಕಾಲದಲ್ಲಿ ಜೈಲಿಗೆ ಹೋದವರಲ್ಲಿ ನಿಜವಾದ ಸೇಟನಿಸ್ಟ್‌ಗಳೇ ಇರಲಿಲ್ಲ?

ಡಾಕ್ಟರ್: ಹೆಚ್ಚಿನವರು ಟೀಚರ್‌ಗಳು, ಆಯಾಗಳು, ಅಪ್ಪ ಅಮ್ಮಂದಿರು. ಪಂಥದವರು ಟೀವಿಯಲ್ಲಿ ಸಂದರ್ಶನ ಕೊಡುತ್ತಿದ್ದರು.

ಹೂಸ್ಟನ್ ಮಾವ: ಇದೆಲ್ಲ ಸರಿ. ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ. "ನಿಮ್ಮ ಮಗು ಸೈತಾನನ ವಶ ಆಗಿದೆಯೇ? 13 ಲಕ್ಷಣ. ಕಪ್ಪು ಬಟ್ಟೆ, ಒಂಟಿತನ, ಊಟ ಬೇಡ ಎನ್ನುವುದು... ಪರಿಹಾರ: ಕರ್ಪೂರ ಪುಡಿ ಮಾಡಿ ಜೇನಿನಲ್ಲಿ ನೆಕ್ಕಿಸಿ, ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ." ಒಳ್ಳೆಯದಾಗುತ್ತದೆ ಅಂತ ಹಾಕಿದ್ದೇನೆ.

ಡಾಕ್ಟರ್: ಇದನ್ನು ಈಗಲೇ ಅಳಿಸಿ. ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಸ್ವಲ್ಪ ಹೋದರೂ ಬರಬಹುದು. ಮನಸ್ಸಿನ ಕಾಯಿಲೆಯ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಈ ಪಟ್ಟಿಯಲ್ಲಿರುವ ಅರ್ಧ ಖಿನ್ನತೆಯ ಲಕ್ಷಣ, ಇನ್ನರ್ಧ ಹದಿನಾಲ್ಕು ವರ್ಷದ ಲಕ್ಷಣ.

ಹೂಸ್ಟನ್ ಮಾವ: ಜನರಿಗೆ ಉಪಯೋಗ ಆಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ? ಕ್ಲಬ್ಬನ್ನು ಬ್ಯಾನ್ ಮಾಡಿಸಿದರೆ ಮುಗಿಯಿತು. ನಮಗೇನು ನಷ್ಟ?

ಗಿಟಾರ್ ಹುಡುಗ: ನಷ್ಟ ನಮಗೇ ಅಂಕಲ್. 2007ರ ಜುಲೈನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ರಾಜನ್ ಜೆಡ್ ಮೊದಲ ಸಲ ಹಿಂದೂ ಪ್ರಾರ್ಥನೆ ಹೇಳಲು ನಿಂತಾಗ ಗ್ಯಾಲರಿಯಿಂದ ಕೂಗಾಡಿ ಅಡ್ಡಿ ಮಾಡಿದರು. ನಿಮ್ಮ ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲೇ 2024ರಲ್ಲಿ 90 ಅಡಿಯ ಹನುಮಂತ ನಿಂತಾಗ ಅದನ್ನೂ ದೆವ್ವ ಅಂದವರಿದ್ದರು. ಬಾಗಿಲು ಮುಚ್ಚಿದರೆ ನಾವೂ ಹೊರಗೇ.

ಹೂಸ್ಟನ್ ಮಾವ: ಹನುಮಂತನನ್ನೂ ಆ ಆಡಿನ ತಲೆಯದನ್ನೂ ಒಂದೇ ತಕ್ಕಡಿಗೆ ಹಾಕುತ್ತೀಯಲ್ಲ, ನಾಚಿಕೆ ಆಗಬೇಕು.

ಗಿಟಾರ್ ಹುಡುಗ: ತಕ್ಕಡಿ ನನ್ನದಲ್ಲ, ಸಂವಿಧಾನದ್ದು. ಆ ಆಡಿನ ತಲೆ ಬ್ಯಾಫೊಮೆಟ್, ಸಟಾನಿಕ್ ಟೆಂಪಲ್ಲಿನವರು ಗುರುತಾಗಿ ಇಟ್ಟುಕೊಂಡದ್ದು. ಒಕ್ಲಹೋಮ ವಿಧಾನಸೌಧದ ಆವರಣದಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸಿದ್ದಕ್ಕೆ ಇವರೂ ವಿಗ್ರಹ ಮಾಡಿಸಿದರು. 2015ರಲ್ಲಿ ಆ ಕಲ್ಲನ್ನೇ ತೆಗೆಯಿರಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ವಿಗ್ರಹವನ್ನು 2018ರಲ್ಲಿ ಲಾರಿಯಲ್ಲಿ ಹೇರಿಕೊಂಡು, ಅಂಥದ್ದೇ ಕಲ್ಲು ನಿಂತಿದ್ದ ಆರ್ಕನ್ಸಾಗೆ ಹೋದರು. ಇದು ಭಕ್ತಿ ಅಲ್ಲ, ರಾಜಕೀಯ.

ನಿವೃತ್ತ ಮೇಷ್ಟ್ರು: ಇದು ಕ್ರೈಸ್ತರ ಮನೆಯ ಜಗಳ. ನಮ್ಮಲ್ಲಿ ವಾಮಾಚಾರ ಇದ್ದ ಹಾಗೆ ಅವರಲ್ಲಿ ಇದು. ನಮಗ್ಯಾಕೆ?

ಮಂಗಳೂರು ಬಾಯಿ: ಮೇಷ್ಟ್ರೇ, ನಾನೂ ಇದೇ ಗುಂಪಿನಲ್ಲಿದ್ದೇನೆ, ನಾನು ಕ್ಯಾಥೋಲಿಕ್. ನಮ್ಮ ಮನೆಯ ಜಗಳ ಅಂತ ನಗಾಡಬೇಡಿ. 1992ರಲ್ಲಿ ನಾರ್ವೆಯಲ್ಲಿ ಫ್ಯಾನ್‌ಟಾಫ್ಟ್ ಎಂಬ ಹಳೆಯ ಮರದ ಚರ್ಚನ್ನು ಸುಟ್ಟು ಹಾಕಿದರು, ಅದರ ಹಿಂದೆಯೇ ಎಷ್ಟೋ ಚರ್ಚುಗಳು ಹೋದವು. ಎಲ್ಲಾ ಬರೀ ಒಗಟು, ವಿಜ್ಞಾನ ಅಲ್ಲ.

ಗಿಟಾರ್ ಹುಡುಗ: ಅದು ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಹುಡುಗರು, ಟೆಂಪಲ್ ಹುಟ್ಟುವುದಕ್ಕೆ 21 ವರ್ಷ ಮೊದಲು. ಹಾಡು ಕೇಳುವವರೆಲ್ಲ ಬೆಂಕಿ ಹಚ್ಚುತ್ತಾರಾ?

ಮಂಗಳೂರು ಬಾಯಿ: ನಾನು ಹಾಗಂದೆನಾ? ಮೊದಲು ಓದುವುದು ಕಲಿ.

ಡಾಕ್ಟರ್: ಬಾಯಿ ಹೇಳಿದ್ದು ನಿಜ. ಚರ್ಚ್ ಸುಟ್ಟದ್ದು ಅಪರಾಧ, ಶಿಕ್ಷೆಯೂ ಆಗಿದೆ. ಅದೂ ಇದೂ ಒಂದೇ ಅಲ್ಲ ಎಂಬುದೂ ನಿಜ. ಮೇಷ್ಟ್ರೇ, ವಾಮಾಚಾರಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಜೋಡಿಸಬೇಡಿ. ಇವರ ಸೈತಾನ ಬಂದದ್ದು ಇಂಗ್ಲಿಷ್ ಕವಿ ಮಿಲ್ಟನ್‌ನ 1667ರ ಕಾವ್ಯದಿಂದ, ಆಮೇಲಿನ ಬೈರನ್, ಶೆಲ್ಲಿ ಕಾಲದಿಂದ. ದೇವರ ವಿರುದ್ಧ ತಿರುಗಿ ಬಿದ್ದ ಧೀರ ಎಂದು ಕವಿಗಳು ಮೆಚ್ಚಿದವನು. ಟೆಕ್ಸಾಸ್ ಅವರೇ, ಇದ್ದೀರಾ? ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ನ್ಯೂಜೆರ್ಸಿ ಅಪ್ಪ: ನನ್ನ ಮಗ ಆಡಿನ ತಲೆಯ ಟೀ ಶರ್ಟ್ ಹಾಕಿಕೊಂಡು ದೇವರ ಮನೆಗೆ ಬರುತ್ತಾನೆ. ಏನು ಮಾಡಲಿ?

ಡಾಕ್ಟರ್: ಊಟ, ನಿದ್ದೆ, ಗೆಳೆಯರು ಸರಿ ಇದ್ದಾರಾ? ಇದ್ದರೆ ಬಿಡಿ.

ಸಂಪಿಗೆ: ಸೇಟನ್ ಕ್ಲಬ್ ಬಗ್ಗೆ ಮೇಡಂ ಏನು ಹೇಳಿದರು? ಅಪಾಯವಾ?

ಡಾಕ್ಟರ್: ಮೇಲೆ.

ಹೂಸ್ಟನ್ ಮಾವ: ದೊಡ್ಡ ರಾಜಕಾರಣಿಗಳೆಲ್ಲ ಮಕ್ಕಳ ರಕ್ತ ಕುಡಿಯುತ್ತಾರೆ ಅಂತ ವಿಡಿಯೋ ಇದೆ. ಅದಕ್ಕೇನು ಹೇಳುತ್ತೀರಿ? ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಡಾಕ್ಟರ್: ಬರುತ್ತೆ. 2016ರ ಡಿಸೆಂಬರ್‌ನಲ್ಲಿ ಒಬ್ಬ ಇಂಥದ್ದನ್ನೇ ನಂಬಿ ವಾಷಿಂಗ್ಟನ್ ಡಿಸಿಯ ಪಿಜ್ಜಾ ಅಂಗಡಿಗೆ ನುಗ್ಗಿ ಬಂದೂಕು ಹಾರಿಸಿದ. ಮಕ್ಕಳನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದಾರೆ ಅಂದುಕೊಂಡಿದ್ದ. ಆ ಅಂಗಡಿಗೆ ನೆಲಮಾಳಿಗೆಯೇ ಇರಲಿಲ್ಲ. ಮಾವ, ನಿಮ್ಮ ಕರ್ಪೂರದ ಮೆಸೇಜ್ ಇನ್ನೂ ಇಲ್ಲೇ ಇದೆ.

ಟೆಕ್ಸಾಸ್ ನಾದಿನಿ: ಕ್ಷಮಿಸಿ ಮೇಡಂ, ಅವರ ಮನೆಗೇ ಬಂದೆ. ಮಗುವಿಗೆ ಏಳು ವಾರ. ಅತ್ತಿಗೆ ಮೂರು ರಾತ್ರಿ ಕಣ್ಣು ಮುಚ್ಚಿಲ್ಲವಂತೆ. ಮಗುವಿನ ಬೆನ್ನಿನ ಮಚ್ಚೆ ತೋರಿಸಿ 'ಅವರು ಗುರುತು ಹಾಕಿದ್ದಾರೆ, ಇವನನ್ನು ನಾನೇ ಬಿಡುಗಡೆ ಮಾಡಬೇಕು' ಎನ್ನುತ್ತಿದ್ದಾರೆ.

ಡಾಕ್ಟರ್: ಬೇರೆ ಎಲ್ಲ ಬಿಡಿ. 911ಕ್ಕೆ ಫೋನ್ ಮಾಡಿ. ಹೆರಿಗೆಯಾಗಿ ಏಳು ವಾರ, ನಿದ್ದೆ ಇಲ್ಲ, ಮಗುವಿನ ಬಗ್ಗೆ ಭ್ರಮೆ, ಇದೇ ಮಾತನ್ನು ಹೇಳಿ. ಇದು ಹೆರಿಗೆಯ ನಂತರದ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಗೊತ್ತಾಗದ ಸ್ಥಿತಿ, ಇರಬಹುದು, ಎಮರ್ಜೆನ್ಸಿ. ಸೈತಾನನೂ ಅಲ್ಲ, ಅವರ ತಪ್ಪೂ ಅಲ್ಲ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಅಂಬುಲೆನ್ಸ್ ಬರುವ ತನಕ ಮಗು ಬೇರೆಯವರ ಕೈಯಲ್ಲಿರಲಿ. ಅತ್ತಿಗೆಯನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ, ಬಾತ್‌ರೂಮಿಗೂ ಜೊತೆಗೆ ಹೋಗಿ. ವಾದ ಮಾಡಬೇಡಿ, ಬೈಯಬೇಡಿ, 'ಡಾಕ್ಟರ್ ಹತ್ತಿರ ಹೋಗೋಣ, ನಾನಿದ್ದೇನೆ' ಅಷ್ಟೇ ಹೇಳಿ. ನನ್ನ ನಂಬರ್ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ.

ನಿವೃತ್ತ ಮೇಷ್ಟ್ರು: ಮೊದಲು ಹತ್ತಿರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಒಂದು ತಾಯತ...

ಡಾಕ್ಟರ್: ಮೇಷ್ಟ್ರೇ, ಸಾಕು.

ಮಂಗಳೂರು ಬಾಯಿ: ಟೆಕ್ಸಾಸ್ ಅವರೇ, ನೀವು ಯಾವ ಊರು? ನಾನು ಡಲ್ಲಾಸ್‌ನಲ್ಲಿದ್ದೇನೆ. ಮಗುವನ್ನು ನೋಡಿಕೊಳ್ಳಲು ಈಗಲೇ ಬರುತ್ತೇನೆ.

ಟೆಕ್ಸಾಸ್ ನಾದಿನಿ: ಪ್ಲೇನೋ. 911 ಲೈನಿನಲ್ಲಿದೆ. ಬನ್ನಿ ಅಕ್ಕ.

ಅಡ್ಮಿನ್: ಹೂಸ್ಟನ್ ಮಾವನ ಮೆಸೇಜ್ ಅಳಿಸಿದ್ದೇನೆ. ಡಾಕ್ಟರ್ ಮೇಡಂ ಫೋನಿನಲ್ಲಿದ್ದಾರೆ, ಇವತ್ತಿಗೆ ಪ್ರಶ್ನೆ ಹಾಕಬೇಡಿ.

ಬೆಳಗಾವಿ ಕುಂದಾ: ಈಗ ಬಂದೆ, ಮೇಲಿಂದ ಓದೋಕೆ ಆಗಲಿಲ್ಲ. ಈ ಸೇಟನ್ ಕ್ಲಬ್‌ಗೆ ಫೀಸ್ ಎಷ್ಟು?